ಬಾಂಬ್ ಶೆಲ್ಟರಿನ ಕಪ್ಪು ಬಿಯರ್

ಸಿಂಗಪುರದ ಬೆಡೋಕ್‌ನ ಕನ್ನಡದವರಿಗೆ ಕೇಶವನ ಮೂಗೆಂದರೆ ಭಯ. ಯಾರ ಮನೆಗೆ ಊಟಕ್ಕೆ ಹೋಗಲಿ, ಮೊದಲ ತುತ್ತಿಗೇ ತೀರ್ಪು: ಕಾಫಿಗೆ ಚಿಕೋರಿ ಹೆಚ್ಚಾಯಿತು, ತುಪ್ಪ ಸೀದಿದೆ, ಕೊತ್ತಂಬರಿ ನಿನ್ನೆಯದು. ಅವನನ್ನು ಕರೆಯಲೂ ಹೆದರುತ್ತಿದ್ದರು, ಕರೆಯದಿರಲೂ ಹೆದರುತ್ತಿದ್ದರು.

ಅಂಥ ಮೂಗು ಕೋವಿಡ್ ಜ್ವರದಲ್ಲಿ ಹೋದದ್ದು ಮತ್ತೆ ಬರಲೇ ಇಲ್ಲ. ಜ್ವರ ಬಿಟ್ಟಿತು, ವಾಸನೆ ಮಾತ್ರ ಪತ್ತೆಯಿಲ್ಲ. ಅಯ್ಯೋ, ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಅವನೂ ಸಾಫ್ಟ್‌ವೇರ್ ಮಾಡುವ ಹತ್ತರಲ್ಲಿ ಹನ್ನೊಂದನೆಯವನಾಗಿಬಿಡುತ್ತಾನಲ್ಲ! ಹೆಂಡತಿ ಜಯಾಗೂ ಹೇಳಲಿಲ್ಲ. ಅವಳಿಗೆ ಅನುಮಾನ ಬಾರದಿರಲೆಂದು ಊಟಕ್ಕೆ ಕೂತಾಗಲೆಲ್ಲ, "ಇಂಗು ಒಂಚೂರು ಜಾಸ್ತಿ ಆಯ್ತು ಕಣೆ," ಎನ್ನುವುದನ್ನು ಮರೆಯುತ್ತಿರಲಿಲ್ಲ. "ಹೌದಾ?" ಎಂದು ಅವಳು ಸುಮ್ಮನಾಗುತ್ತಿದ್ದಳು. ಪಾಪ, ಏನೂ ಗೊತ್ತಾಗಿಲ್ಲ ಎಂದು ಇವನಿಗೆ ಸಮಾಧಾನ.

ಗ್ರಹಚಾರ ವಕ್ಕರಿಸಿದ್ದು ಬಿಯರಿನಿಂದ. ಮೂಗು ಸರಿಯಿದ್ದ ಕಾಲದಲ್ಲಿ ಅವನು ಇಂಪೀರಿಯಲ್ ಸ್ಟೌಟ್ ಎಂಬ ದುಬಾರಿ ಕಪ್ಪು ಬಿಯರೊಂದನ್ನು ತಂದು, "ಇದನ್ನ ಕುಡಿಯೋದಲ್ಲ, ಏಜ್ ಮಾಡೋದು. ಎಂಟು ವರ್ಷ ಬಿಟ್ಟು ಬನ್ನಿ, ತೋರಿಸ್ತೀನಿ," ಎಂದು ಕಂಡಕಂಡವರಿಗೆಲ್ಲ ಸಾರಿದ್ದ. ಅದನ್ನಿಟ್ಟದ್ದು ಫ್ಲ್ಯಾಟಿನ ಬಾಂಬ್ ಶೆಲ್ಟರಿನಲ್ಲಿ. ಯುದ್ಧವಾದರೆ ಮನೆಮಂದಿಯ ಜೀವ ಉಳಿಯಲೆಂದು ಸರ್ಕಾರ ಕಟ್ಟಿಸಿದ, ಕಬ್ಬಿಣದ ಬಾಗಿಲಿನ ಕೋಣೆ ಅದು. ಬಿಯರಿನ ನೆಮ್ಮದಿಗಾಗಿ ಅಲ್ಲಿದ್ದ ಅಕ್ಕಿಮೂಟೆ ಹಾಲಿಗೆ ಬಂತು. "ರೀ, ಆ ರೂಮಿಗೆ ಏಸಿ ಇಲ್ಲ, ಈ ಸೆಖೆಗೆ ಇಡ್ಲಿ ಪಾತ್ರೆ ಥರ ಆಗತ್ತೆ," ಎಂದಳು ಜಯಾ. "ಏಜಿಂಗ್ ಎಲ್ಲಾ ನಿನಗೆ ಅರ್ಥ ಆಗಲ್ಲ," ಎಂದ.

ಎಂಟು ವರ್ಷವಾಯಿತು. ಕಂಡಕಂಡವರು ಮರೆತಿರಲಿಲ್ಲ. ಒಂದು ಶನಿವಾರ ಸಂಜೆ ವಿಶ್ವಜಿತ್ ಬಂದ. ಕಾಂಡೋ ಎಂಬ ದುಬಾರಿ ಖಾಸಗಿ ಅಪಾರ್ಟ್‌ಮೆಂಟಿನಲ್ಲಿರುವ ಬ್ಯಾಂಕ್ ಮ್ಯಾನೇಜರ್ ಅವನು, ಬಿಯರಿಗೆ ತನ್ನದೇ ಗ್ಲಾಸು ಹೊತ್ತು ತರುವ ಆಸಾಮಿ. ಜೊತೆಗೆ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ, ಕೇಶವನ ಆಫೀಸಿನ ಹುಡುಗ ಮಯಂಕ್. ಕೇಶವ ಇಂಟರ್ನೆಟ್ಟಿನಲ್ಲಿ ಸಿಕ್ಕ ವರ್ಣನೆಯನ್ನೆಲ್ಲ ವಾರವಿಡೀ ಎಂಆರ್‌ಟಿ ರೈಲಿನಲ್ಲಿ ನಿಂತು ಬಾಯಿಪಾಠ ಮಾಡಿದ್ದ.

ಬಾಟಲಿ ತೆರೆದಾಗ ನೊರೆಯೂ ಬರಲಿಲ್ಲ, ಸದ್ದೂ ಬರಲಿಲ್ಲ. ವಿಶ್ವಜಿತ್ ಗ್ಲಾಸಿಗೆ ಮೂಗಿಟ್ಟ, ಅವನ ಕಣ್ಣಲ್ಲಿ ನೀರಾಡಿತು. ಕೇಶವನೂ ಜೋರಾಗಿ ಉಸಿರೆಳೆದ. ಗೋಡೆ ಮೂಸಿದಂತಾಯಿತು. ಒಂದು ಗುಟುಕು ಕುಡಿದರೆ ನಾಲಿಗೆಗೆ ಬರೀ ಹುಳಿ. ಈಗ ತಪ್ಪಿದರೆ ಇಷ್ಟು ವರ್ಷದ ಮಾನ ಇವರ ಮುಂದೆಯೇ ಹರಾಜು.

"ಡಾರ್ಕ್ ಚಾಕೊಲೇಟ್," ಎಂದ ಕಣ್ಣು ಮುಚ್ಚಿ. "ಒಣ ಅಂಜೂರ. ಕೊನೇಲಿ ವೆನಿಲಾ."

ವಿಶ್ವಜಿತ್ ಬಿಡುತ್ತಾನೆಯೇ? "ಓಲ್ಡ್ ಲೆದರ್ ಬಂತಾ ನಿಮಗೆ?"

"ಬಂತು, ಬಂತು!"

"ಸರ್, ನನಗೆ ಯಾಕೋ ಸೋಯಾ ಸಾಸ್ ಥರ..." ಎಂದ ಮಯಂಕ್.

"ಅದನ್ನೇ ಉಮಾಮಿ ಅನ್ನೋದು. ನಿನ್ನ ನಾಲಿಗೆ ಇನ್ನೂ ಪಳಗಿಲ್ಲ, ಪ್ಯಾಲೆಟ್ ಡೆವಲಪ್ ಮಾಡ್ಕೋಬೇಕು," ಎಂದ ವಿಶ್ವಜಿತ್. ಹುಡುಗ ಅಲ್ಲೇ ಡೆವಲಪ್ ಮಾಡಿಕೊಂಡು ತಲೆಯಾಡಿಸಿದ.

ಅಷ್ಟರಲ್ಲಿ ಕೋಡುಬಳೆ ತಟ್ಟೆ ಹಿಡಿದು ಬಂದ ಜಯಾ ಮೇಜಿನ ಹತ್ತಿರ ಗಕ್ಕನೆ ನಿಂತಳು. ಮುಖ ಕಿವುಚಿದಳು. ಅದನ್ನು ಕಂಡ ಕೇಶವ ಬಾಟಲಿಯ ಬಾಯಿಗೆ ಅವಸರದಲ್ಲಿ ಮುಚ್ಚಳ ಒತ್ತಿದ.

"ಜಯಾ ಅವರೇ, ಕುಡೀಬೇಡಿ, ಸುಮ್ನೆ ಸ್ಮೆಲ್ ಮಾಡಿ ಹೇಳಿ," ಎಂದು ವಿಶ್ವಜಿತ್ ಗ್ಲಾಸು ಕೊಟ್ಟ.

ಅವಳು ಮೂಸಿದಳು. ಗಂಡನ ಮುಖ ನೋಡಿದಳು. "ನನಗೇನು ಗೊತ್ತಾಗತ್ತೆ? ಈ ಮನೇಲಿ ಮೂಗು ಅಂದ್ರೆ ಇವರದ್ದೇ," ಎಂದು ತಟ್ಟೆ ಇಟ್ಟು ಹೋದಳು.

ಎರಡನೇ ಗುಟುಕು ಯಾರೂ ಕುಡಿಯಲಿಲ್ಲ. ಇಂಥದ್ದನ್ನು ನಿಧಾನವಾಗಿ ಸವಿಯಬೇಕೆನ್ನುತ್ತ ಕೋಡುಬಳೆ ಖಾಲಿ ಮಾಡಿದರು, ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಬಿಯರನ್ನು ಹೊಗಳಿದರು.

ಜಯಾ ಗ್ಲಾಸುಗಳನ್ನು ಸಿಂಕಿಗೆ ಸುರಿದಳು. "ರೀ, ಕೆಟ್ಟು ನಾರ್ತಿತ್ತು."

"ಸ್ವಲ್ಪ ಹುಳಿ ಬಂದಿತ್ತು, ನನಗೂ ಗೊತ್ತಾಯ್ತು."

"ಹುಳಿ ಸರಿ. ನಾತ?"

ಕೇಶವ ಖಾಲಿ ಗ್ಲಾಸೊಂದನ್ನು ಎತ್ತಿ ಮತ್ತೊಮ್ಮೆ ಮೂಸಿ ನೋಡಿದ.

ಅವಳು ಒಗ್ಗರಣೆ ಡಬ್ಬಿ ತೆಗೆದು ಮುಂದಿಟ್ಟಳು. "ಇದರಲ್ಲಿ ಇಂಗು ಎಲ್ಲಿದೆ ತೋರಿಸಿ. ಮುಗಿದು ಎರಡು ವರ್ಷ ಆಯ್ತು. ನಾನು ತರಲೇ ಇಲ್ಲ. ನೀವು ಮಾತ್ರ ದಿನಾ ಜಾಸ್ತಿ ಆಯ್ತು ಅಂತಿದ್ರಿ."

"ಮತ್ತೆ ಹೇಳ್ಬಾರ್ದಿತ್ತಾ?"

"ಮೊದಲು ತಮಾಷೆ ಅನ್ನಿಸ್ತು. ಆಮೇಲೆ, ಇವತ್ತು ಹೇಳ್ತೀರ, ನಾಳೆ ಹೇಳ್ತೀರ ಅಂತ ಕಾದೆ." ಅವಳ ದನಿ ಸಣ್ಣದಾಯಿತು. "ನನಗೆ ಇಂಗಿನ ಸಾರು ಅಂದ್ರೆ ಪ್ರಾಣ ಕಣ್ರೀ."

ಕೇಶವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಮರುದಿನ ಬೆಳಿಗ್ಗೆ ತಾನೇ ಹೋಗಿ ಇಂಗು ತಂದ. ಅಕ್ಕಿಮೂಟೆಯನ್ನು ಶೆಲ್ಟರಿಗೆ ಎಳೆದು ಹಾಕಿದ.

ಮಧ್ಯಾಹ್ನ ಸಾರು ಬಡಿಸಿ ಜಯಾ ಕೇಳಿದಳು: "ಹೇಗಿದೆ?"

ಅಭ್ಯಾಸಬಲದಿಂದ ಬಾಯಿ ತೆರೆದವನು ತಡೆದ. "ಗೊತ್ತಾಗ್ತಿಲ್ಲ ಕಣೆ. ನೀನೇ ಹೇಳು."

ಜಯಾ ಒಂದು ತುತ್ತು ತಿಂದು, ಕಣ್ಣು ಮುಚ್ಚಿಕೊಂಡು ಸವಿದಳು.

"ಇಂಗು ಒಂಚೂರು ಜಾಸ್ತಿ ಆಯ್ತು," ಎಂದು ಇನ್ನೊಂದು ಸೌಟು ಸುರಿದುಕೊಂಡಳು.