ಯಾವ ಪಾಠ ಮೊದಲು

ನಮ್ಮ ಕಂಪ್ಯೂಟರ್ ವಿಭಾಗದ ಪಠ್ಯಕ್ರಮದ ಸಭೆಯಲ್ಲಿ ಇಬ್ಬರು ಮಹಾಪಂಡಿತರು ಎದುರುಬದುರು ಕೂತಿದ್ದರು. ಹುಡುಗರಿಗೆ ಅ ಆ ಇ ಈಯಿಂದ ಕಲಿಸುವ ಚಾಕರಿ ಇಬ್ಬರಿಗೂ ಬೇಡ.

"ಡೇಟಾ ಸ್ಟ್ರಕ್ಚರ್ ಪಾಸಾಗದೋರು ನನ್ನ ಅಲ್ಗಾರಿದಮ್ ಕ್ಲಾಸಿಗೆ ಕಾಲಿಡಬಾರದು" ಎಂದರು ಒಬ್ಬರು.

"ಅಲ್ಗಾರಿದಮ್ ಪಾಸಾಗದೋರು ನನ್ನ ಡೇಟಾ ಸ್ಟ್ರಕ್ಚರ್ ಕ್ಲಾಸಿನ ಹತ್ರಾನೂ ಸುಳೀಬಾರದು" ಎಂದರು ಇನ್ನೊಬ್ಬರು.

ಯಾರ ಮನಸ್ಸನ್ನೂ ನೋಯಿಸದ ನಮ್ಮ ಮುಖ್ಯಸ್ಥರು ಎರಡಕ್ಕೂ ತಲೆಯಾಡಿಸಿ ರುಜು ಹಾಕಿದರು. ನಾನು ಬಾಯಿ ತೆರೆದೆ. "ನೀವು ಸುಮ್ನಿರ್ರೀ, ನಿನ್ನೆ ಮೊನ್ನೆ ಬಂದೋರು" ಎಂದು ಪಂಡಿತರಿಬ್ಬರೂ ನನ್ನ ಬಾಯಿ ಮುಚ್ಚಿಸಿದರು.

ನೋಂದಣಿಯ ದಿನ ಆ ಎರಡು ತರಗತಿಗಳಿಗೆ ಕಂಪ್ಯೂಟರ್ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ಸೇರಿಸಿಕೊಳ್ಳಲಿಲ್ಲ. ಮೂವರೂ ಪರದೆಯನ್ನೇ ದುರುಗುಟ್ಟಿ ನೋಡಿದರು. ಕೊನೆಗೆ ಮುಖ್ಯಸ್ಥರು ನನ್ನತ್ತ ತಿರುಗಿದರು.

"ಇದು ಕೆಟ್ಟೋಗಿದೆ ಕಣ್ರೀ. ಯಾರಾದ್ರೂ ಕಂಪ್ಯೂಟರ್ ಗೊತ್ತಿರೋರನ್ನ ಕರೀರಿ."