ಹಿಡಿತವಿಲ್ಲದ ಜಾಲರಿ

ಘನತೆವೆತ್ತ ವಾಚಕ ಮಹಾಶಯರೇ, ಕಾರಿನ ಹಿಂಬದಿಯಲ್ಲಿ ನಿಂತ ನಾಯಿಗಳು ಮುಂದಕ್ಕೆ ಹಾರಿ ಬೀಳದಂತೆ ತಡೆಯುವ ಜಾಲರಿಯೊಂದನ್ನು ಆರಿಸುವುದು ಕಥೆಗೆ ತಕ್ಕ ವಸ್ತುವೇ ಎಂದು ತಾವು ಮೂಗು ಮುರಿಯಬಹುದು. ಇಲ್ಲಿ ಕತ್ತಿಯಿಲ್ಲ, ಅರಮನೆಯಿಲ್ಲ, ವೇಷ ಮರೆಸಿಕೊಂಡು ಅಲೆಯುವ ರಾಜಕುಮಾರನಿಲ್ಲ. ಇರುವುದು ಒಂದು ಅಂಗಡಿ, ಅದನ್ನು ಹಂಚಿಕೊಂಡ ಒಬ್ಬ ಅಕ್ಕ, ಒಬ್ಬ ತಮ್ಮ ಮತ್ತು ಎರಡು ನಾಯಿಗಳು. ಆದರೂ ಒಡಹುಟ್ಟಿದವರ ನಡುವೆ ಏನು ಉಳಿದಿದೆ ಎಂದು ಅಳೆಯಲು ನಾಲ್ಕು ಕಬ್ಬಿಣದ ಸಲಾಕೆಗಳೇ ಸಾಕಾಗುವುದುಂಟು. ದಯಮಾಡಿ ಸಾವಧಾನದಿಂದ ಓದಬೇಕು.

ಸೂಜಿಯಕ್ಕನೆಂದರೆ ಆ ಬೀದಿಯ ಡ್ರೈವರುಗಳಿಗೆಲ್ಲ ಗೊತ್ತು. ಮೂವತ್ತೊಂದು ವರ್ಷಗಳಿಂದ ಕಾರು, ಲಾರಿಗಳ ಸೀಟು ಹೊಲಿದವಳು. ಹೊಲಿದು ಮುಗಿಸಿದ ಸೀಟಿನ ಮೇಲೆ ತಾನೇ ಮೂರು ಸಲ ಧೊಪ್ಪನೆ ಕೂತು, ಹೊಲಿಗೆ ಬಾಯಿ ಬಿಡಲಿಲ್ಲವೆಂದು ಕಂಡಮೇಲಷ್ಟೇ "ತಗೊಂಡು ಹೋಗಪ್ಪ" ಎನ್ನುವಳು. ಕೂತು ನೋಡದೆ ಒಂದು ಸೀಟನ್ನೂ ಅವಳು ಬಾಗಿಲು ದಾಟಿಸಿದವಳಲ್ಲ. ಅಂಗಡಿಯ ಹಿಂದಿನ ಅರ್ಧ ಅವಳದು: ಹೊಲಿಗೆ ಯಂತ್ರ, ಸ್ಪಂಜಿನ ಹಾಳೆಗಳು, ಗೋಡೆಗೆ ತೂಗುಹಾಕಿದ ರಟ್ಟಿನ ಅಚ್ಚುಗಳು. ಮುಂದಿನ ಅರ್ಧದಲ್ಲಿ ಕಾರಿನ ಅಲಂಕಾರದ ಸಾಮಾನು ಮಾರುತ್ತಿದ್ದವನು ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅಕ್ಕ ಅವನನ್ನು ಇದೇ ಯಂತ್ರದ ಪಕ್ಕದಲ್ಲಿ, ಸ್ಪಂಜಿನ ರಾಶಿಯ ಮೇಲೆ ಮಲಗಿಸಿ ಬೆಳೆಸಿದ್ದಳು.

ಈಗ ಆ ತಮ್ಮನಿಗೆ ಹಿಂದಿನ ಅರ್ಧವೂ ಬೇಕಾಗಿತ್ತು. ಗಾಜಿನ ಕಪಾಟುಗಳನ್ನು ಇಡಬೇಕಂತೆ. ಹೊಲಿಸಿಕೊಳ್ಳುವವರು ಕಡಿಮೆಯಾಗಿದ್ದಾರೆ, ಎಲ್ಲರೂ ಸಿದ್ಧ ಕವರುಗಳನ್ನೇ ಕೊಳ್ಳುತ್ತಾರೆ, ಅಕ್ಕನಿಗೂ ವಯಸ್ಸಾಯಿತು ಎಂದು ಅವನು ಒಂದು ತಿಂಗಳಿಂದ ದಿನಕ್ಕೊಂದು ರಾಗದಲ್ಲಿ ಹಾಡಿದ್ದ. ಸೂಜಿಯಕ್ಕ ಜಗಳಕ್ಕೆ ಹೋಗಲಿಲ್ಲ. ಆರು ಗಂಟೆ ದಾರಿಯ ದೂರದ ಊರೊಂದರಲ್ಲಿ ಬಸ್ಸಿನ ಸೀಟು ಹೊಲಿಯುವ ಕಾರ್ಖಾನೆಯವರು ಅವಳನ್ನು ಕರೆದಿದ್ದರು. ಭಾನುವಾರ ಹೊರಡುವುದೆಂದು ತೀರ್ಮಾನವಾಯಿತು. ಉಳಿದದ್ದು ನಾಯಿಗಳ ಮಾತು.

ನಾಯಿಗಳೆರಡು. ಒಂದು ಅಜ್ಜಿ, ಹದಿಮೂರು ವರ್ಷದ, ಮುಂಗಾಲು ಕುಂಟುವ ಮುದಿನಾಯಿ. ಇನ್ನೊಂದು ಪುಂಡ, ಇಪ್ಪತ್ತಾರು ಕಿಲೋ ತೂಗುವ, ಹೆಸರಿಗೆ ತಕ್ಕ ಪ್ರಾಣಿ. ಅಜ್ಜಿ ಹುಟ್ಟು ಕುಂಟಿಯಲ್ಲ. ಹಿಂದಿನ ವರ್ಷ ಅಕ್ಕನ ಕಾರನ್ನು ತಮ್ಮ ಓಡಿಸುತ್ತಿದ್ದಾಗ, ಫೋನು ನೋಡುತ್ತ ಕೊನೆಯ ಗಳಿಗೆಯಲ್ಲಿ ಬ್ರೇಕು ತುಳಿದಿದ್ದ. ಡಿಕ್ಕಿಯಲ್ಲಿ ಮಲಗಿದ್ದ ಅಜ್ಜಿ ಹಿಂದಿನ ಸೀಟನ್ನು ದಾಟಿ ಬಂದು ಗೇರಿನ ಕೋಲಿನ ಮೇಲೆ ಬಿದ್ದಳು. ಆ ಉದ್ದನೆಯ ಹಳೇ ಕಾರಿನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಅಡ್ಡ ಏನೂ ಇರಲಿಲ್ಲ. ಮೂಳೆ ಎರಡು ಕಡೆ ಮುರಿದಿತ್ತು. "ಗಟ್ಟಿಯಾಗಿ ಹಿಡ್ಕೊಂಡು ಕೂರ್ಬೇಕಿತ್ತು ಅದು" ಎಂದು ತಮ್ಮ ನಕ್ಕಿದ್ದ. ನಗೆಚಾಟಿಕೆಯೆಂದು ಅಕ್ಕ ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದಳು. ಆದರೆ ಜಾಲರಿ ಹಾಕಿಸುವ ತನಕ ನಾಯಿಗಳನ್ನು ಕಾರು ಹತ್ತಿಸುವುದಿಲ್ಲವೆಂದು ಅಂದೇ ನಿಶ್ಚಯಿಸಿದ್ದಳು.

ಗುರುವಾರ ಬೆಳಿಗ್ಗೆ ಅವಳು ತಮ್ಮನ ಮೇಜಿನ ಮುಂದೆ ನಿಂತು, ಗಿರಾಕಿಯಂತೆಯೇ ಕೇಳಿದಳು.

"ನಾಯಿ ತಡೆಯೋದಕ್ಕೆ ಏನೇನಿದೆಯೋ ನಿನ್ನ ಹತ್ರ?"

"ಮೂರು ಥರ ಇದೆ. ಇದು ಬಟ್ಟೆ ಬಲೆ, ಕೊಕ್ಕೆಗೆ ಸಿಕ್ಕಿಸೋದು."

"ಪುಂಡ ಅದನ್ನ ಬೆಳಗಿನ ತಿಂಡಿಗೇ ಮುಗಿಸ್ತಾನೆ. ಮುಂದಿಂದು ಹೇಳು."

"ಇದು ಬೋಲ್ಟ್ ಹಾಕೋದು, ಕಾರಿನ ಮೈಗೇ. ಆದ್ರೆ ನಿನ್ನ ಕಾರಿನ ಅಳತೆದು ಇಲ್ಲ. ತರಿಸ್ಬೇಕು, ಹದಿನೈದು ದಿನ."

"ಹದಿನೈದು ದಿನ ನಾನಿಲ್ಲಿದ್ರೆ ನಿನ್ನ ಗಾಜಿನ ಕಪಾಟು ಬೀದೀಲಿ ನಿಲ್ಲುತ್ತೆ."

ತಮ್ಮ ಕೇಳಿಸದವನಂತೆ ಒಳಗೆ ಹೋಗಿ ಉದ್ದನೆಯ ಪೆಟ್ಟಿಗೆಯೊಂದನ್ನು ತಂದ. "ಅದಕ್ಕೇ ಇದು. ಎರಡು ಕಂಬ, ನಡುವೆ ಸಲಾಕೆ. ಕೆಳಗೂ ಮೇಲೂ ರಬ್ಬರ್ ಬಿಲ್ಲೆ. ತಿರುಪು ತಿರುಗಿಸಿದ್ರೆ ನೆಲಕ್ಕೂ ಚಾವಣಿಗೂ ನಡುವೆ ಬಿಗಿಯಾಗಿ ಕಚ್ಕೊಳ್ಳುತ್ತೆ. ಕಾರಿಗೆ ತೂತು ಹೊಡೆಯೋ ಹಾಗೇ ಇಲ್ಲ."

"ನಿಲ್ಲುತ್ತೇನೋ?"

"ಆನೆ ಗುದ್ದಿದ್ರೂ ಅಲ್ಲಾಡಲ್ಲ. ತಗೋ ಅಕ್ಕ, ನನ್ನ ಕಡೆಯಿಂದ ಇದು. ಆ ಮುದುಕಿ ಕಾಲಿನ ವಿಷಯ… ಇರ್ಲಿ ಬಿಡು, ತಗೋ."

ಒಂದು ವರ್ಷದಲ್ಲಿ ಅಜ್ಜಿಯ ಕಾಲಿನ ಮಾತನ್ನು ಅವನು ತಾನಾಗಿ ಎತ್ತಿದ್ದು ಅದೇ ಮೊದಲು. ಸೂಜಿಯಕ್ಕ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಗೆ ಬಂದಾಗ, ಈ ಹುಡುಗನ ಮೇಲೆ ತಾನು ಸುಮ್ಮನೆ ಮುನಿದುಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಅಂದು ಸಂಜೆ ಅವಳೇ ಜಾಲರಿಯನ್ನು ಕಟ್ಟಿದಳು. ತಿರುಪು ತಿರುಗಿಸುತ್ತ ಹೋದಂತೆ ಮೇಲಿನ ಬಿಲ್ಲೆ ಚಾವಣಿಯ ಬಟ್ಟೆಯೊಳಗೆ ಹೂತು ಬಿಗಿಯಾಯಿತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು, ಕದಲಲಿಲ್ಲ. ಪುಂಡ ಮೂಗು ತೂರಿಸಿ ನೋಡಿ, ಸಲಾಕೆಯನ್ನು ನೆಕ್ಕಿ, ಒಪ್ಪಿಗೆ ಕೊಟ್ಟ.

ಆದರೆ ಮೂವತ್ತೊಂದು ವರ್ಷದ ರೂಢಿ ಸುಮ್ಮನೆ ಬಿಟ್ಟೀತೇ? ಕೂತು ನೋಡದ ಸೀಟು ಸೀಟಲ್ಲ. ಶನಿವಾರ ಮಧ್ಯಾಹ್ನ ಅವಳು ಲಾರಿಯ ದಪ್ಪ ಟಾರ್ಪಾಲಿನಿಂದ ಒಂದು ಮೂಟೆ ಹೊಲಿದು, ಅದರೊಳಗೆ ಇಪ್ಪತ್ತಾರು ಕಿಲೋ ಮರಳು ತುಂಬಿ, ಬಾಯಿಗೆ ಎರಡು ಸಾಲು ಹೊಲಿಗೆ ಹಾಕಿದಳು. ಅಂಗಡಿಯ ಹಿಂದಿನ ಬಯಲಿಗೆ ಎದುರಾಗಿ ವೆಲ್ಡಿಂಗ್ ಶೆಡ್ಡು. ಅದರ ಯಜಮಾನನನ್ನು ಎಲ್ಲರೂ ಕಿಡಿಯಪ್ಪ ಎನ್ನುತ್ತಿದ್ದರು. ಅವನ ಅಂಗಿಗಳಲ್ಲಿ ಬಟ್ಟೆಗಿಂತ ಕಿಡಿ ಸುಟ್ಟ ತೂತುಗಳೇ ಹೆಚ್ಚು. ಮೂಟೆಯನ್ನು ಡಿಕ್ಕಿಗೆ ಎತ್ತಿಹಾಕಲು ಅವನೇ ಕೈಕೊಟ್ಟ.

"ಅಕ್ಕಾ, ಈ ನಾಯಿಗೆ ಹೆಸರೇನು?"

"ಹೆಸರಿಟ್ರೆ ಕನಿಕರ ಬರುತ್ತಪ್ಪ. ಬೇಡ."

"ಕಚ್ಚುತ್ತಾ?"

"ಇನ್ನು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತೆ. ಪಕ್ಕಕ್ಕೆ ನಿಲ್ಲು."

ಅವಳು ಬಯಲಿನ ಆ ತುದಿಗೆ ಹೋಗಿ, ಅಲ್ಲಿಂದ ವೇಗವಾಗಿ ಬಂದು, ಶೆಡ್ಡಿನ ಮುಂದೆ ಬಲವಾಗಿ ಬ್ರೇಕು ತುಳಿದಳು. ಬೆನ್ನ ಹಿಂದೆ ಲಟಲಟನೆ ಸದ್ದಾಯಿತು. ಜಾಲರಿ ಬುಡಸಮೇತ ಕಿತ್ತುಬಂದು ಸೀಟಿನ ಮೇಲೆ ಒರಗಿತು. ಮರಳಿನ ಮೂಟೆ ಅದರ ಮೇಲೆ ಜಾರಿ ಬಂದು, ಸೀಟುಗಳ ನಡುವೆ ತೂರಿ, ಗೇರಿನ ಕೋಲಿನ ಮೇಲೆ ಧಡ್ಡನೆ ಬಿತ್ತು. ಅಜ್ಜಿ ಬಿದ್ದಿದ್ದ ಜಾಗವೇ. ಸಲಾಕೆಯೊಂದರ ತುದಿ ಸೂಜಿಯಕ್ಕನ ಕಿವಿಯ ಹಿಂದೆ ಗೀರಿ ಹೋಗಿತ್ತು.

ಕಿಡಿಯಪ್ಪ ಓಡಿ ಬಂದ. ಮೂಟೆಯನ್ನು ಎಳೆದು ಕೆಳಗಿಳಿಸಿದ.

ಅವಳು ಮೊದಲು ತನ್ನನ್ನೇ ಶಪಿಸಿಕೊಂಡಳು. ಕೈಯೆತ್ತಿ ಚಾವಣಿಯನ್ನು ಒತ್ತಿದಾಗ ಬೆರಳು ಮೆತ್ತಗೆ ಒಳಗಿಳಿಯಿತು. ಏಳು ವರ್ಷದ ಹಿಂದೆ, ಮಳೆಯ ಸದ್ದು ಕೇಳದಿರಲೆಂದು, ಆ ಬಟ್ಟೆಯ ಅಡಿಗೆ ಎರಡು ಬೆರಳು ದಪ್ಪದ ಸ್ಪಂಜನ್ನು ಅಂಟಿಸಿದ್ದವಳು ಅವಳೇ! ಗುರುವಾರ ಬಿಲ್ಲೆ ಬಿಗಿಯಾಗಿ ಕಚ್ಚಿದ್ದು ಕಬ್ಬಿಣವನ್ನಲ್ಲ, ಸ್ಪಂಜನ್ನು. ಎರಡು ದಿನದ ಬಿಸಿಲಿಗೆ ಸ್ಪಂಜು ಕುಗ್ಗಿತ್ತು, ಹಿಡಿತ ಸಡಿಲವಾಗಿತ್ತು. ಜೀವಮಾನವೆಲ್ಲ ಸ್ಪಂಜಿನೊಂದಿಗೆ ಬಾಳಿದ ಕೈ ಅದನ್ನು ಗುರುತಿಸದೆ ಹೋಯಿತು. ತಪ್ಪು ನನ್ನದೇ, ಪಾಪ ತಮ್ಮನಿಗೇನು ಗೊತ್ತು, ಎಂದುಕೊಂಡಳು.

ಹಾಗೆಂದುಕೊಂಡೇ ಜಾಲರಿಯನ್ನು ಬಿಚ್ಚಿ ಪೆಟ್ಟಿಗೆಗೆ ಮರಳಿ ತುಂಬತೊಡಗಿದಳು. ಕೆಳಗಿನ ಮುಚ್ಚಳದ ಒಳಮೈಯಲ್ಲಿ ಒಂದು ಚೀಟಿ ಅಂಟಿಕೊಂಡಿತ್ತು. ಅಕ್ಷರ ತಮ್ಮನದು, ಅವನ ಕೈಹಿಡಿದು ತಿದ್ದಿಸಿದವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. "ವಾಪಸ್ ಬಂದದ್ದು. ಮೆತ್ತನೆ ಟಾಪಿಗೆ ನಿಲ್ಲಲ್ಲ. ಬ್ರೇಕ್ ಹಾಕಿದರೆ ಬೀಳುತ್ತೆ."

ಕಿವಿಯ ಹಿಂದಿನ ರಕ್ತವನ್ನೂ ಒರೆಸಿಕೊಳ್ಳದೆ ಅವಳು ಒಳಗೆ ನಡೆದಳು. ಅಳತೆಯ ಟೇಪು ಹಿಡಿದು ತಮ್ಮ ಅವಳ ಯಂತ್ರದ ಹಿಂದಿನ ಗೋಡೆಯನ್ನು ಅಳೆಯುತ್ತಿದ್ದ.

"ಇದು ಯಾರ ಅಕ್ಷರ?"

ಅವನು ಚೀಟಿಯನ್ನು ನೋಡಿದ, ಅವಳ ಕಿವಿಯನ್ನು ನೋಡಿದ. ಟೇಪು ಸರ್ರನೆ ಒಳಗೆ ಸೇರಿಕೊಂಡಿತು.

"ಅದು… ಯಾವನೋ ಗಿರಾಕಿ ಸುಮ್ನೆ ತಕರಾರು ಮಾಡಿದ್ದ ಅಕ್ಕ. ಅವನಿಗೆ ಕಟ್ಟೋಕೆ ಬರ್ತಿರ್ಲಿಲ್ಲ."

"ನನ್ನ ಕಾರಿನ ಚಾವಣಿ ಮೆತ್ತಗಿದೆ ಅಂತ ನಿಂಗೆ ಗೊತ್ತಿರ್ಲಿಲ್ವಾ? ಗೋಂದು ಒಣಗೋ ತನಕ ಸ್ಪಂಜಿನ ಆ ತುದಿ ಹಿಡ್ಕೊಂಡು ನಿಂತಿದ್ದವನು ಯಾರು? ಕೈ ಬಿದ್ದೋಯ್ತು ಅಂತ ಎರಡು ದಿನ ನನ್ನ ಕೈಲಿ ಎಣ್ಣೆ ಹಚ್ಚಿಸ್ಕೊಂಡವನು ಯಾರು?"

"ಮರ್ತಿದ್ದೆ."

"ಅಷ್ಟು ಎಣ್ಣೆ ದಂಡ ಆಯ್ತು ಬಿಡು."

"ಅಯ್ಯೋ, ಏನೂ ಆಗಿಲ್ವಲ್ಲ ಈಗ! ಯಾರು ಹೇಳಿದ್ರು ನಿಂಗೆ ಮರಳು ತುಂಬ್ಕೊಂಡು ಸರ್ಕಸ್ ಮಾಡು ಅಂತ? ರಸ್ತೇಲಿ ಅಷ್ಟು ಜೋರಾಗಿ ಯಾರು ಬ್ರೇಕ್ ಹಾಕ್ತಾರೆ?"

"ನೀನು ಹಾಕಿದ್ದೆ."

ಅವನು ಗೋಡೆಯ ಕಡೆ ತಿರುಗಿ, ಬೇರೆ ಯಾರಿಗೋ ಹೇಳುವಂತೆ ಹೇಳಿದ: "ಭಾನುವಾರಕ್ಕೆ ನೀನು ಹೇಗಾದ್ರೂ ಹೊರಟ್ರೆ ಸಾಕು ಅನ್ನಿಸ್ತು. ಕಪಾಟಿನವರು ಸೋಮವಾರ ಬರ್ತಾರೆ."

ಅಷ್ಟು ಕೇಳಿದಮೇಲೆ ಅವಳಿಗೆ ಕೇಳುವುದೇನೂ ಉಳಿಯಲಿಲ್ಲ. ಬೈಗುಳಕ್ಕಾದರೂ ಎದುರಿಗೆ ತನ್ನವನೊಬ್ಬ ಇರಬೇಕು.

ಅವಳು ಗೋಡೆಯಿಂದ ದೊಡ್ಡ ರಟ್ಟೊಂದನ್ನು ಇಳಿಸಿ, ಕಾರಿನ ಹಿಂಬದಿಗೆ ಹೊಂದಿಸಿ, ಸೀಮೆಸುಣ್ಣದಲ್ಲಿ ಅಂಚು ಗುರುತಿಸಿ, ಕತ್ತರಿಯಿಂದ ಅಚ್ಚು ತೆಗೆದಳು. ಬಟ್ಟೆಗಾದರೆ ಎರಡು ಬೆರಳು ಸಡಿಲ ಬಿಡುವ ಅಭ್ಯಾಸ. ಈ ಸಲ ಕೂದಲೆಳೆಯನ್ನೂ ಬಿಡಲಿಲ್ಲ. ಅಚ್ಚನ್ನು ಕಿಡಿಯಪ್ಪನ ಮುಂದೆ ಹಾಸಿದಳು.

"ಇದೇ ಅಳತೆಗೆ ಸಲಾಕೆ ಬೆಸೆದು ಕೊಡು. ಚಾವಣಿಯ ಸಹವಾಸವೇ ಬೇಡ. ಎರಡೂ ಪಕ್ಕ ಸೀಟ್ ಬೆಲ್ಟ್ ಬೋಲ್ಟ್ ಇದೆಯಲ್ಲ, ಮೇಲೊಂದು ಕೆಳಗೊಂದು, ಆ ನಾಲ್ಕಕ್ಕೇ ಹಿಡಿಸು."

"ಚೆಂದ ಕಾಣಲ್ಲ ಅಕ್ಕ. ಜೈಲಿನ ಬಾಗಿಲು ಥರ ಇರುತ್ತೆ."

"ಇರ್ಲಿ. ಚೆಂದ ಕಾಣೋದೆಲ್ಲ ಮುಂದಿನ ಅಂಗಡೀಲಿ ಸಿಗುತ್ತೆ."

ಸಂಜೆಯೊಳಗೆ ಜಾಲರಿ ಸಿದ್ಧವಾಯಿತು. ಮತ್ತೆ ಮರಳಿನ ಮೂಟೆ, ಮತ್ತೆ ಬಯಲು, ಮತ್ತೆ ಬ್ರೇಕು. ಒಂದಲ್ಲ, ಮೂರು ಸಲ. ಮೂರು ಸಲವೂ ಮೂಟೆ ಸಲಾಕೆಗೆ ಬಡಿದು ಅಲ್ಲೇ ಕುಸಿಯಿತು.

ಭಾನುವಾರ ಬೆಳಿಗ್ಗೆ ಹೊಲಿಗೆ ಯಂತ್ರದ ತಲೆಯನ್ನು ಕಂಬಳಿಯಲ್ಲಿ ಸುತ್ತಿ ಮುಂದಿನ ಸೀಟಿಗೆ ಏರಿಸಿದ್ದಾಯಿತು. ಕತ್ತರಿಗಳು, ಸೂಜಿಯ ಡಬ್ಬಿ, ಬಟ್ಟೆಯ ಎರಡು ಗಂಟು. ಹಿಂದೆ ಅಜ್ಜಿಗೆ ಸ್ಪಂಜಿನ ಹಾಸಿಗೆ, ಪುಂಡನಿಗೆ ಹಳೇ ಗೋಣಿ. ಕೊನೆಗೆ ಅವಳು ಆ ಉದ್ದನೆಯ ಪೆಟ್ಟಿಗೆಯನ್ನು ತಮ್ಮನ ಮೇಜಿನ ಮೇಲಿಟ್ಟಳು. ಅದರ ಹೊರಮೈಗೆ, ಎಲ್ಲರ ಕಣ್ಣಿಗೂ ಬೀಳುವಂತೆ, ದಪ್ಪ ಮಸಿಯಲ್ಲಿ ಬರೆದಿದ್ದಳು: "ಎರಡನೇ ಸಲ ವಾಪಸ್. ಬ್ರೇಕ್ ಹಾಕಿದರೆ ಬೀಳುತ್ತೆ."

"ಹಿಂಗೆ ಬರೆದ್ರೆ ಇದನ್ನ ಯಾರು ತಗೋತಾರೆ?" ಎಂದ ತಮ್ಮ.

"ಅದಕ್ಕೇ ಬರೆದಿದ್ದು."

ಕಾರಿನ ಬಾಗಿಲ ತನಕ ಅವನು ಹಿಂದೆಯೇ ಬಂದ. ಕೈಯಲ್ಲಿ ಟೇಪು ಇನ್ನೂ ಇತ್ತು. "ಅಕ್ಕ, ಮುಟ್ಟಿದ ತಕ್ಷಣ ಒಂದು ಫೋನ್ ಮಾಡು" ಎಂದ. ಮಾತು ಮೆಲ್ಲಗೆ ಬಂತು. ನಿಜವಾಗಿಯೂ ಮನಸ್ಸಿನಿಂದ ಬಂದಿರಲೂಬಹುದು. ಎರಡು ದಿನದ ಹಿಂದಾಗಿದ್ದರೆ ಅವಳು ಅದನ್ನೂ ಎದೆಗವಚಿಕೊಳ್ಳುತ್ತಿದ್ದಳು.

"ಆ ಮರಳಿನ ಮೂಟೆ ನಿನ್ನ ಬಾಗಿಲಲ್ಲೇ ಇದೆ, ಇಟ್ಕೋ" ಎಂದಳು. "ಇನ್ಮೇಲೆ ಯಾರಿಗಾದ್ರೂ ಏನಾದ್ರೂ ಮಾರೋ ಮುಂಚೆ ಬೇಕಾಗುತ್ತೆ."

ಕಾರು ಬೀದಿಗಿಳಿಯಿತು. ಮೊದಲ ತಿರುವಿನಲ್ಲೇ ಸೈಕಲ್ಲಿನವನೊಬ್ಬ ಅಡ್ಡ ಬಂದ. ಅವಳು ಬಲವಾಗಿ ಬ್ರೇಕು ತುಳಿದಳು. ಹಿಂದೆ ಪುಂಡ ಸಲಾಕೆಗೆ ಬಡಿದ ಸದ್ದು, ಅವನ ಒಂದು ಸಿಟ್ಟಿನ ಬೊಗಳು, ಆಮೇಲೆ ಅಜ್ಜಿಯ ಎಂದಿನ ಏದುಸಿರು. ಜಾಲರಿ ಕಿರ್ ಎನ್ನಲೂ ಇಲ್ಲ. ಸೈಕಲ್ಲಿನವನು ದಾಟಿ ಹೋದಮೇಲೆ ಅವಳು ಗೇರು ಬದಲಿಸಿ ಊರ ಹೊರಗಿನ ರಸ್ತೆಯನ್ನು ಹಿಡಿದಳು.