ಸಾಲಿನ ಎಡತುದಿ

ಎಮು ಹಕ್ಕಿಗಳು ಮೇಯುವುದನ್ನು ನೋಡಿದವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ಅಡ್ಡಸಾಲಾಗಿ ನಿಲ್ಲುವುದು, ಬಗ್ಗುವುದು, ಕಂಡ ಕಸವನ್ನು ಹೆಕ್ಕಿ ಚೀಲಕ್ಕೆ ಹಾಕುವುದು, ಮತ್ತೆ ಮುಂದೆ ಹೆಜ್ಜೆ ಇಡುವುದು. ಅದಕ್ಕೇ ಊರಿನವರು ಇದನ್ನು ಎಮು ಸಾಲು ಅನ್ನುತ್ತಾರೆ. ಕಾಡಿನಲ್ಲಿ ಸಾಲು ಚೆದುರಬಾರದಲ್ಲ, ಅದಕ್ಕೊಂದು ಕಟ್ಟುಪಾಡು ಇದೆ. ಬಲತುದಿಯವರು ‘ಕೂ...ಈ’ ಎಂದು ಕೂಗುತ್ತಾರೆ. ಒಬ್ಬೊಬ್ಬರೂ ಅದನ್ನು ತಮ್ಮ ಎಡಕ್ಕೆ ದಾಟಿಸಬೇಕು. ಎಡತುದಿಯವರು ಕೂಗಿ ಮುಗಿಸಿ, ಕಾಡು ಸುಮ್ಮನಾದ ಮೇಲೆ ಎಲ್ಲರೂ ಒಟ್ಟಿಗೆ ಮುಂದೆ ಹೋಗಬೇಕು.

ಆ ಭಾನುವಾರ ಎಡತುದಿ ನೊರೀನ್ ಟ್ರೆಂಬಾತ್ ಪಾಲಿಗೆ ಬಂದಿತ್ತು. ಅರವತ್ತು ದಾಟಿದ ಹೆಂಗಸು. ಮಂಡಿ ಕೈಕೊಟ್ಟಿದ್ದರೂ ಬಾಯಿ ಮಾತ್ರ ಗಟ್ಟಿ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮುಂದಾಳು ಗ್ಲೆನಿಸ್ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿಕೊಂಡು, ವರ್ಷಾ ವರ್ಷ ಹೇಳುವುದನ್ನೇ ಹೇಳಿದಳು.

“ಹಳೇ ಗಣಿಗುಂಡಿ ಕಂಡ್ರೆ ದೂರ ಇರಿ. ಬಾಯಿ ಮೇಲೆ ಕಸ ಮುಚ್ಕೊಂಡಿರತ್ತೆ, ನೆಲ ಅಂದ್ಕೊಂಡು ಕಾಲಿಟ್ಟೀರ. ಮತ್ತೆ, ಗುಂಡಿಯೊಳಗೆ ಯಾರೂ ಏನೂ ಹಾಕಬಾರದು.”

“ನಮ್ಮ ಕಾಲದಲ್ಲಿ ಹಾಕೋದೇ ಕೆಲಸ,” ಎಂದಳು ನೊರೀನ್. “ಇಡೀ ಕಾಡಿನ ಕಸ ಗುಂಡಿಗೆ ತಳ್ಳಿ, ಊಟದ ಹೊತ್ತಿಗೆ ಮನೆ ಸೇರ್ತಿದ್ವಿ. ಈಗ ನೋಡು, ಕತ್ತೆ ಹಾಗೆ ಚೀಲ ಹೊರಬೇಕು.”

“ನಿನ್ನ ಕಾಲದ ಕಸಾನೇ ಕಣೇ ನಾವೀಗ ಹೆಕ್ತಿರೋದು,” ಎಂದ ಲಿಂಡ್ಸೆ. ನಿವೃತ್ತ ಬಸ್ ಡ್ರೈವರ್. ಸಾಲಿನಲ್ಲಿ ಅವಳ ಬಲಕ್ಕೆ ಅವನೇ. ನೊಣ ಓಡಿಸುತ್ತ ಅವಳ ಹತ್ತಿರ ಬಂದು ದನಿ ತಗ್ಗಿಸಿದ. “ಡೆನ್ ಕೋಣೆ ಖಾಲಿ ಮಾಡಿದ್ಯಂತೆ?”

“ನಿನ್ನೆ. ಅವನ ಹೆಸರಿಗೆ ಎಳ್ಳುನೀರು ಬಿಟ್ಟಾಯ್ತು. ಇನ್ನು ಅವನ ಸುದ್ದಿ ಎತ್ತಬೇಡ.”

ಡೆನ್ ಅಂದರೆ ಡೆನ್‌ಜಿಲ್, ಅವಳ ತಮ್ಮ. ಮೂವತ್ತು ವರ್ಷದ ಹಿಂದೆ ಒಂದು ಶುಕ್ರವಾರ ಸಂಜೆ ಅಮ್ಮನ ಜೊತೆ ಜಗಳ ಕಾದು, ದೂರದ ಕ್ವೀನ್ಸ್‌ಲ್ಯಾಂಡಿಗೆ ಹೋಗುತ್ತೇನೆ, ಇನ್ನು ಈ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಚೀಲ ಹೆಗಲಿಗೇರಿಸಿ ಹಿಂಬಾಗಿಲಿನಿಂದ ಹೋದವನು. ರೈಲು ನಿಲ್ದಾಣಕ್ಕೆ ಕಾಡಿನೊಳಗೆ ಒಂದು ಅಡ್ಡದಾರಿ ಇತ್ತು. ಅದರಲ್ಲೇ ಹೋದ, ಅಷ್ಟೇ. ಒಂದು ಪತ್ರವಿಲ್ಲ, ಒಂದು ಫೋನಿಲ್ಲ. ಗೇಟು ಕಿರ್ ಎಂದಾಗಲೆಲ್ಲ ತಲೆ ಎತ್ತಿ ಎತ್ತಿ ಅಮ್ಮ ಪ್ರಾಣ ಬಿಟ್ಟಳು. ಅವಳ ಮಣ್ಣಿಗೂ ಮಗ ಬರಲಿಲ್ಲ. ನೊರೀನ್‌ಗೆ ತಮ್ಮನ ಮೇಲೆ ಹೊಟ್ಟೆಯಲ್ಲಿ ಬೆಂಕಿಯಂಥ ಸಿಟ್ಟು. ಸಾಯುವುದರೊಳಗೆ ಒಮ್ಮೆ ಅವನೆದುರು ನಿಂತು, ಯಾಕೋ ಒಂದು ಸಾಲು ಬರೆಯಲಿಲ್ಲ ಎಂದು ಕೇಳಬೇಕು. ಬೇರೆ ಯಾವ ಆಸೆಯೂ ಅವಳಿಗೆ ಉಳಿದಿರಲಿಲ್ಲ.

ಸಾಲು ಹೊರಟಿತು. ನೀಲಗಿರಿ ಮರಗಳ ಒಣ ಎಲೆ ಕಾಲಡಿಯಲ್ಲಿ ಚರಪರ ಅನ್ನುತ್ತಿತ್ತು. ಬಿಯರ್ ಬಾಟಲಿ, ಹರಿದ ಟೈರು, ಯಾರದೋ ಮಗುವಿನ ಚಪ್ಪಲಿ. ಮೊದಲ ಕೂಗು ಬಲದಿಂದ ಬಂತು. ಲಿಂಡ್ಸೆ ಕೂಗಿದ, ನೊರೀನ್ ಕೂಗಿದಳು, ಕಾಡು ಸುಮ್ಮನಾಯಿತು. ಎಲ್ಲರೂ ಮುಂದೆ ನಡೆದರು.

ಎರಡನೆಯ ಸಲ ಅವಳು ಕೂಗಿ ಮುಗಿಸಿದ ಮೇಲೆ, ಅವಳ ಎಡಕ್ಕೆ ಇನ್ನೊಂದು ಕೂಗು ಕೇಳಿಸಿತು. ದೂರದ ಸಣ್ಣ ದನಿ.

“ಯಾರೇ ಅದು ನಿನ್ನ ಪಕ್ಕ?” ಎಂದ ಲಿಂಡ್ಸೆ.

“ಯಾರೋ ತಡವಾಗಿ ಬಂದಿರ್ಬೇಕು. ಹೇಳೋದಿಲ್ಲ ಕೇಳೋದಿಲ್ಲ, ಸೀದಾ ಬಂದು ಸೇರ್ಕೊಳ್ಳೋದು.”

ಮರಗಳ ನಡುವೆ ಯಾರೂ ಕಾಣಲಿಲ್ಲ. ಎಲೆಯ ಸದ್ದು ಮಾತ್ರ ಇತ್ತು. ಅವಳು ಬಗ್ಗಿದರೆ ಅದು ನಿಲ್ಲುತ್ತಿತ್ತು, ಹೆಜ್ಜೆ ಇಟ್ಟರೆ ಮತ್ತೆ ಶುರುವಾಗುತ್ತಿತ್ತು. ಎಮು ಸಾಲಿನಲ್ಲಿ ಪ್ರತಿಯೊಬ್ಬರೂ ಅಂತರ ಇಟ್ಟುಕೊಳ್ಳುವುದು ತಮ್ಮ ಎಡಗಡೆಯವರನ್ನು ನೋಡಿ. ಹಾಗಾಗಿ ಆ ಸದ್ದು ಎಡಕ್ಕೆ ಹೋದಂತೆಲ್ಲ ನೊರೀನ್ ಅಂತರ ಉಳಿಸಿಕೊಳ್ಳಲು ತನಗೆ ತಿಳಿಯದೆಯೇ ಎಡಕ್ಕೆ ಸರಿದಳು. ಅವಳನ್ನು ನೋಡಿ ಲಿಂಡ್ಸೆ ಸರಿದ, ಅವನನ್ನು ನೋಡಿ ಅವನ ಬಲಕ್ಕಿದ್ದವರು ಸರಿದರು. ಇಡೀ ಸಾಲು ದಾರಿ ಬಿಟ್ಟು ಎಡಕ್ಕೆ ವಾಲಿತು. ದೂರದಲ್ಲಿ ಗ್ಲೆನಿಸ್ ಸೀಟಿ ಊದಿ ಊದಿ ಬೈಯುತ್ತಿದ್ದಳು.

ಆ ಕಡೆ ಹೋದಂತೆ ನೆಲದ ಮೇಲೆ ಕಸವೇ ಇಲ್ಲ. ಒಂದು ಸಿಗರೇಟಿನ ತುಂಡೂ ಇಲ್ಲ. ಯಾರೋ ಆಗಲೇ ಹೆಕ್ಕಿಕೊಂಡು ಹೋದಂತೆ ಚೊಕ್ಕಟವಾಗಿತ್ತು. 

ಮೂರನೆಯ ಕೂಗು ಬಂದಾಗ ಅವಳು ದಾಟಿಸಿ, ಕಿವಿ ನಿಮಿರಿಸಿ ನಿಂತಳು. ಈ ಸಲ ಹತ್ತಿರದಿಂದ ಬಂತು. ‘ಕೂ’ ಸರಿಯಾಗಿತ್ತು. ‘ಈ’ ಮೇಲೇರುವ ಬದಲು ಒಡೆದು ಕೆಳಗೆ ಜಾರಿತು. ಹುಟ್ಟಿದಾಗಿನಿಂದ ಆ ‘ಈ’ಯನ್ನು ಮೇಲೇರಿಸಲು ಬಾರದವನು ಒಬ್ಬನೇ ಇದ್ದ. ಕರು ಕೂಗಿದ ಹಾಗಿದೆ ಎಂದು ಮನೆಯವರೆಲ್ಲ ನಕ್ಕು ನಕ್ಕು ಅವನನ್ನು ಅಳಿಸುತ್ತಿದ್ದರು.

“ಡೆನ್!” ಸಿಟ್ಟೇ ಮೊದಲು ಬಂತು ಅವಳಿಗೆ. “ನಿಲ್ಲೋ ಅಲ್ಲೇ! ಮೂವತ್ತು ವರ್ಷ ಎಲ್ಲಿ ಸತ್ತಿದ್ಯೋ?”

ಮಂಡಿ ನೋವು ಮರೆತು ಓಡಿದಳು. ಗಣಿಯ ಮಣ್ಣುಗುಡ್ಡೆ ಹತ್ತಿ ಇಳಿದಳು. ಕೆಳಗೆ, ಕೊಳೆತ ಹಾಸಿಗೆಗಳ ಸ್ಪ್ರಿಂಗು, ತಗಡು, ಅವುಗಳ ನಡುವೆ ಒಂದು ಫ್ರಿಡ್ಜಿನ ಬೆನ್ನು. ತಿಳಿಹಸಿರು ಬಣ್ಣ. ಗುಂಡಿಯ ಬಾಯಿಗೆ ಅಡ್ಡಲಾಗಿ ಸಿಕ್ಕಿಕೊಂಡು, ತುಕ್ಕು ಹಿಡಿದು ಕೂತಿತ್ತು. ಎಲೆಯ ಸದ್ದು ನಿಂತುಹೋಗಿತ್ತು.

ಆ ಹಸಿರು ಅವಳಿಗೆ ಗೊತ್ತಿತ್ತು. ಅದರ ಒಂದು ಮೂಲೆಯನ್ನು ಅವಳೇ ಹಿಡಿದಿದ್ದಳು.

ಡೆನ್ ಶುಕ್ರವಾರ ಹೋದ ಮೇಲಿನ ಭಾನುವಾರ, ಎರಡೇ ದಿನ ಕಳೆದಿತ್ತು. ಅವತ್ತೂ ಕಸ ಎತ್ತುವ ದಿನ, ಅವತ್ತೂ ಅವಳು ಎಡತುದಿಯಲ್ಲೇ ಇದ್ದಳು. ಅವಳು ಕೂಗಿದ ಮೇಲೆ ಒಂದು ಕೂಗು ಬಂದಿತ್ತು. ಸೋತು ಒಡೆದ ದನಿ, ಮಣ್ಣಿನೊಳಗಿಂದ ಬಂದ ಹಾಗೆ. ಆಗಿನ ಮುಂದಾಳು ಮುದುಕ ಮರ್ವ್‌ಗೆ ಹೇಳಿದ್ದಳು ಕೂಡ. “ಅದು ನಿಂದೇ ಮಾರ್ದನಿ ಕಣಮ್ಮ, ಗುಂಡಿ ಅಂದ್ರೆ ಹಾಗೇ,” ಎಂದಿದ್ದ ಅವನು. “ಬಾ, ಈ ಮೂಲೆ ಹಿಡ್ಕೊ.” ಡೆನ್ ಕ್ವೀನ್ಸ್‌ಲ್ಯಾಂಡಿನಲ್ಲಿ ಇದ್ದಾನೆಂದು ತಿಳಿದವಳಿಗೆ ಬೇರೇನು ಹೊಳೆಯಬೇಕು? ನಾಲ್ಕು ಜನ ಸೇರಿ ಫ್ರಿಡ್ಜ್ ತಳ್ಳಿದರು. ಮೇಲೆ ಹಾಸಿಗೆ, ಅದರ ಮೇಲೆ ತಗಡು. ಆಮೇಲೆ ಅವಳು ಕೂಗಿದಾಗ ಕಾಡು ಸುಮ್ಮನಿತ್ತು. ಸಾಲು ಮುಂದೆ ಹೋಯಿತು.

ಲಿಂಡ್ಸೆ ಏದುಸಿರು ಬಿಡುತ್ತ ಗುಡ್ಡೆಯ ಮೇಲೆ ಬಂದು ನಿಂತ. “ನೊರೀನ್! ಹುಚ್ಚು ಹಿಡೀತೇನೇ ನಿಂಗೆ? ಹಿಂದೆ ಬಾ.”

ಅವಳು ಬೋರಲು ಮಲಗಿ ಫ್ರಿಡ್ಜಿಗೆ ಕಿವಿ ಹಚ್ಚಿದ್ದಳು.

“ಅವನು ಎಲ್ಲೂ ಹೋಗ್ಲಿಲ್ಲ ಲಿಂಡ್ಸೆ. ಇಲ್ಲೇ ಬಿದ್ದಿದ್ದ. ಕರೀತಿದ್ದ. ನಾನು ಕೇಳಿಸ್ಕೊಂಡೂ ಮುಚ್ಚಿಬಿಟ್ಟೆ.”

“ಯಾರು? ಏನು ಹೇಳ್ತಿದ್ದೀಯ?”

ಅಷ್ಟರಲ್ಲಿ ಬಲತುದಿಯಿಂದ, ಸೊಟ್ಟಗಾದ ಸಾಲನ್ನು ನೇರ ಮಾಡಲು ಗ್ಲೆನಿಸ್ ಕೂಗಿದಳು. ಕೂಗು ಒಬ್ಬರಿಂದೊಬ್ಬರಿಗೆ ದಾಟುತ್ತ ಮರಗಳ ನಡುವೆ ಬಂತು. ಲಿಂಡ್ಸೆಗೆ ರೂಢಿ, ಯೋಚಿಸದೆ ತಾನೂ ಕೂಗಿಬಿಟ್ಟ. ಇನ್ನು ಅವಳ ಸರದಿ. ಎಡತುದಿ ಕೂಗದೆ ಸಾಲು ಕದಲುವಂತಿಲ್ಲ. ನೊರೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಈ ಸಲ ಯಾರೂ ಮುಂದೆ ಹೋಗಬಾರದು.

ಅವಳ ಎದೆಯ ಕೆಳಗಿನ ತಗಡು ನಡುಗಿತು. ಕೆಳಗಿನಿಂದ ಕೂಗು ಬಂತು. ಅದರ ‘ಈ’ ಒಡೆದು ಕೆಳಗೆ ಜಾರಿತು.

ಲಿಂಡ್ಸೆಯ ಕೈಯಿಂದ ಚೀಲ ಕೆಳಗೆ ಬಿತ್ತು. ಆಚೆ, ಕಾಣದ ಕಡೆ, ಉಳಿದವರೆಲ್ಲ ಎಡತುದಿ ಕೂಗಿತು ಎಂದುಕೊಂಡರು. ಒಣ ಎಲೆಗಳ ಮೇಲೆ ಅವರೆಲ್ಲರ ಹೆಜ್ಜೆ ಒಟ್ಟಿಗೆ ಸದ್ದು ಮಾಡಿತು. ಸಾಲು ಮುಂದೆ ಹೊರಟಿತ್ತು.

“ನಿಲ್ಲಿ!” ನೊರೀನ್ ಉಗುರು ಕಿತ್ತುಬರುವಂತೆ ತಗಡು ಎಳೆಯುತ್ತ ಕಿರುಚಿದಳು. “ಹೋಗಬೇಡ್ರೋ, ನಿಲ್ಲಿ! ಸಾಲು ಮುಗಿದಿಲ್ಲ, ಇನ್ನೊಬ್ಬ ಇದಾನೆ!”